ಯಂತ್ರದ ಸುದ್ದಿಯೂ ಊರಿನ ನಗೆಯೂ

ಶಾಲೆಯ ಕಟ್ಟಡ ಎದ್ದ ಬಗೆ, ಮಂಜೂರಾತಿ ದೊರೆತ ವರ್ಷಗಳು, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಇವೆಲ್ಲ ಈ ಸಂಪುಟದ ಬೇರೆ ಪುಟಗಳಲ್ಲಿ ಬಂದಿವೆ. ಅವಕ್ಕೆಲ್ಲ ದಾಖಲೆಯುಂಟು. ನಾವು ಇಲ್ಲಿ ಬರೆಯಹೊರಟಿರುವುದು ಯಾವ ರಜಿಸ್ಟರಿನಲ್ಲಿಯೂ ಇಲ್ಲದ ಸಂಗತಿ. ಗಿರಣಿ, ರೇಡಿಯೋ, ಟೀವಿ, ಫೋನು, ಕಂಪ್ಯೂಟರು ಇವುಗಳ ಸುದ್ದಿ ನಮ್ಮ ಭಾಗಕ್ಕೆ ಬಂದಾಗ ಜನರು ಏನೆಂದರು, ಏನು ಹೇಳಿಕೊಂಡು ನಕ್ಕರು ಎಂಬುದು. ಸಂಪುಟದ ಸಿದ್ಧತೆಗಾಗಿ ಹಳೆಯ ವಿದ್ಯಾರ್ಥಿಗಳನ್ನು ಕಂಡು ಮಾತನಾಡಿಸಿದಾಗ, ಶಾಲೆಯ ಬಗ್ಗೆ ಕೇಳಿದ ಪ್ರಶ್ನೆಗೆ ನಾಲ್ಕು ಮಾತಿನ ಉತ್ತರ ಕೊಟ್ಟು, ಉಳಿದ ಹೊತ್ತೆಲ್ಲ ಅವರು ಇಂಥವನ್ನೇ ಹೇಳಿದರು. ಹೇಳಿದವರ ಹೆಸರುಗಳನ್ನು ನಾವು ಇಲ್ಲಿ ಹಾಕಿಲ್ಲ. ಒಂದೇ ಮಾತನ್ನು ಮೂವರು ತಮ್ಮ ತಮ್ಮ ಮುತ್ಯಾನದೆಂದು ಹೇಳಿರುವುದರಿಂದ ಹಾಕುವುದು ಕ್ಷೇಮವೂ ಅಲ್ಲ.

ಹೊಸ ಯಂತ್ರವನ್ನು ಕಂಡು ಹಳ್ಳಿಯವರು ನಕ್ಕರೆ ಅದನ್ನು ಅಜ್ಞಾನವೆಂದು ಬರೆಯುವ ರೂಢಿಯೊಂದು ಬೆಳೆದಿದೆ. ಪೆಟ್ಟಿಗೆಯಲ್ಲಿ ಕುಳಿತು ಹಾಡುವವನಿಗೆ ಊಟ ಯಾರು ಹಾಕುತ್ತಾರೆ ಎಂದು ಅಜ್ಜಿ ಕೇಳಿದಳಂತೆ ಎಂಬ ಕಥೆ ಎಲ್ಲ ಊರುಗಳಲ್ಲಿಯೂ ಇದೆ. ಯಾವ ಅಜ್ಜಿಯೂ ಅದನ್ನು ನಿಜವಾಗಿ ನಂಬಿ ಕೇಳಿರಲಾರಳೆಂದು ನಮ್ಮ ಎಣಿಕೆ; ಮೊಮ್ಮಕ್ಕಳನ್ನು ನಗಿಸಲು ಕೇಳಿರಬೇಕು. ನಮ್ಮಂಥ ಗಡಿಭಾಗದಲ್ಲಿ ಈ ನಗೆಗೆ ಇನ್ನೊಂದು ಕೆಲಸವೂ ಇತ್ತು. ಶಾಲೆ ಆರಂಭವಾದಾಗ ಇದು ಅಕ್ಕಲಕೋಟೆ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತ, 1960ರಲ್ಲಿ ಮಹಾರಾಷ್ಟ್ರ. ಊರು ಕದಲಲಿಲ್ಲ, ಮೇಲಿನ ಹಲಗೆ ಮಾತ್ರ ಬದಲಾಗುತ್ತ ಹೋಯಿತು. ಲೋಕದ ಸುದ್ದಿ ನಮಗೆ ಸೋಲಾಪುರದ ಮರಾಠಿ ಪತ್ರಿಕೆಯಿಂದಲೋ ಹಿಂದಿ, ಇಂಗ್ಲಿಷ್ ಬಲ್ಲ ಗುರುಗಳ ಬಾಯಿಂದಲೋ ಬರುತ್ತಿತ್ತು. ಪರಭಾಷೆಯಲ್ಲಿ ಬಂದ ಸುದ್ದಿಯನ್ನು ಮನೆಯ ಮಾತಿಗೆ ಇಳಿಸಿಕೊಳ್ಳಲು ಚೇಷ್ಟೆಗಿಂತ ಹತ್ತಿರದ ದಾರಿ ಇರಲಿಲ್ಲ.

ಹಿಟ್ಟಿನ ಗಿರಣಿಯಿಂದ ಆರಂಭಿಸೋಣ. ಗಿರಣಿಯ ಹಿಟ್ಟಿಗೆ ಕಸುವಿಲ್ಲ, ಅದರ ರೊಟ್ಟಿ ತಿಂದವನು ನೇಗಿಲು ಹಿಡಿಯಲಾರ ಎಂದು ಗಂಡಸರು ಚಾವಡಿಯಲ್ಲಿ ಹೇಳುತ್ತಿದ್ದರಂತೆ. ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದ ಹೆಂಗಸರು ಕೊಟ್ಟ ಉತ್ತರವನ್ನು ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ತಾಯಿಯ ಬಾಯಿಂದ ಕೇಳಿದಂತೆಯೇ ಹೇಳಿದರು: "ಕಸುವು ಬೇಕಂದವ್ರು ತಾವ ಬೀಸಲಿ." ಅದೇ ತಾಯಿ, ಬೀಸುಕಲ್ಲು ಅಟ್ಟಕ್ಕೆ ಹೋದ ಮೇಲೆ, ಗಿರಣಿ ಎಲ್ಲ ಮಾಡುತ್ತದೆ, ಆದರೆ ಅದಕ್ಕೆ ಪದ ಬರುವುದಿಲ್ಲ ಎಂದೂ ಹೇಳುತ್ತಿದ್ದರಂತೆ. ಕುಟ್ಟುವ ಬೀಸುವ ಪದಗಳನ್ನು ಸಂಗ್ರಹಿಸಲು ಈಗ ನಾವು ಮಕ್ಕಳನ್ನು ಕಳುಹಿಸಿದರೆ ಪೂರ್ಣವಾಗಿ ಹೇಳಬಲ್ಲವರು ಊರಲ್ಲಿ ಬೆರಳೆಣಿಕೆಯಷ್ಟು ಸಿಗುತ್ತಾರೆ. ಎರಡು ಮಾತುಗಳೂ ಏಕಕಾಲಕ್ಕೆ ಸತ್ಯವಾಗಿದ್ದವು.

ಇನ್ನು ರೇಡಿಯೋ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದು, ಆ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶಕ್ಕೆಲ್ಲ ಹೆಸರಾದದ್ದು ನಮ್ಮ ಪಠ್ಯಗಳಲ್ಲಿದೆ. ನಮ್ಮ ಕಡೆಗೆ ಕನ್ನಡ ಕೇಳಿಸಿದ್ದು 1950ರಲ್ಲಿ ಧಾರವಾಡ ನಿಲಯ ಆರಂಭವಾದ ಮೇಲೆ. 1966ರಲ್ಲಿ ಗುಲ್ಬರ್ಗಾ ಬಂದಾಗ ಧ್ವನಿ ಇನ್ನಷ್ಟು ಹತ್ತಿರವಾಯಿತು. ಧಾರವಾಡ ಹಗಲಿನಲ್ಲಿ ಗೊರಗೊರ ಎನ್ನುತ್ತಿತ್ತು, ಕತ್ತಲಾದ ಮೇಲೆ ಸ್ಪಷ್ಟವಾಗುತ್ತಿತ್ತು. ಇದಕ್ಕೆ ಊರಿನವರು ಕಂಡುಕೊಂಡ ಕಾರಣ: "ಧಾರವಾಡದವ್ರೂ ಹಗಲೆಲ್ಲ ಹೊಲಕ್ಕ ಹೋಗಿರ್ತಾರ. ರಾತ್ರಿ ಮನಿಗಿ ಬಂದು ಉಂಡು ಮಾತಾಡ್ತಾರ." ಮಧ್ಯಮ ತರಂಗಗಳನ್ನು ಹಗಲಿನಲ್ಲಿ ವಾತಾವರಣದ ಮೇಲಣ ಪದರವೊಂದು ಹೀರಿಕೊಳ್ಳುತ್ತದೆ, ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದಕ್ಕೂ ಮೇಲಿನ ಪದರದಿಂದ ತರಂಗಗಳು ಪುಟಿದು ದೂರ ಸಾಗುತ್ತವೆ. ನಾವು ವಿಜ್ಞಾನದ ತರಗತಿಯಲ್ಲಿ ಈ ಪಾಠ ಮಾಡುವಾಗ ಹೊಲದ ಕಥೆಯನ್ನು ಮೊದಲು ಹೇಳುತ್ತೇವೆ. ಪದರದ ಹೆಸರು ಮರೆತ ಮಕ್ಕಳಿಗೂ ಕಥೆ ನೆನಪಿರುತ್ತದೆ.

ಆ ಕಾಲಕ್ಕೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಪರವಾನಗಿ ಪಡೆಯಬೇಕಿತ್ತೆಂದು ಹೇಳಿದರೆ ಇಂದಿನ ಮಕ್ಕಳು ನಂಬುವುದಿಲ್ಲ. ತಪಾಸಣೆಯವರು ಬಂದರೆಂಬ ಸುದ್ದಿ ಹಬ್ಬಿದಾಗ ರೇಡಿಯೋಗಳು ಜೋಳದ ಹಗೇವಿಗೂ ಹಾಸಿಗೆಯ ಸುರುಳಿಗೂ ಸೇರುತ್ತಿದ್ದವಂತೆ. 1972ರ ಬರಗಾಲದಲ್ಲಿ ಹವಾಮಾನದ ವರದಿ ಕೇಳಿದ ರೈತರು ಆಡಿದ ಮಾತು ಮಾತ್ರ ಅಷ್ಟು ಹಗುರವಾಗಿರಲಿಲ್ಲ: "ರೇಡಿಯೋದಾಗ ಮಳಿ ಆತು, ಹೊಲದಾಗ ಆಗಲಿಲ್ಲ." ಆ ವರ್ಷ ಕಲ್ಲು ಒಡೆಯುವ ಕಾಮಗಾರಿಗೆ ತಂದೆತಾಯಿಯರ ಜೊತೆ ಹೋಗಿ ಶಾಲೆ ಬಿಟ್ಟವರಲ್ಲಿ ಕೆಲವರು ಈ ಮಾತನ್ನು ನಮಗೆ ನಗುತ್ತಲೇ ಹೇಳಿದರು.

ಟೀವಿಯ ಸುದ್ದಿ ನಮಗೆ ಬೀಗರ ಮೂಲಕ ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಭಾರತವು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ಶಿಕ್ಷಣ ಕೊಡುವ 'ಸೈಟ್' ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಆಯ್ಕೆಯಾದವು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಅಂದರೆ ನಮಗೆ ಹೆಣ್ಣು ಕೊಟ್ಟ, ನಮ್ಮಿಂದ ಹೆಣ್ಣು ತಂದ ಊರುಗಳ ಸೀಮೆ. ಮಹಾರಾಷ್ಟ್ರ ಆ ಪಟ್ಟಿಯಲ್ಲಿರಲಿಲ್ಲ. ಭೀಮೆಯ ಆ ದಂಡೆಯಲ್ಲಿ ಶಾಲೆಯ ಅಂಗಳದಲ್ಲಿ ಕುಳಿತು ಮಕ್ಕಳು ಕನ್ನಡದಲ್ಲಿ ಪಾಠ ನೋಡುತ್ತಿದ್ದರು. ಈ ದಂಡೆಯಲ್ಲಿ ನಾವು ಅದರ ವರ್ಣನೆ ಕೇಳುತ್ತಿದ್ದೆವು. ಮೇಲೆ ಕೂಡಿಸಿದ್ದ ಜಾಳಿಗೆಯ ಆಂಟೆನಾ ಹತ್ತು ಅಡಿ ಅಗಲವಿತ್ತು, ಕೋಳಿಗೂಡಿಗೆ ಹಾಕುವಂಥದೇ ತಂತಿಬಲೆ. "ಅಷ್ಟು ದೊಡ್ಡ ಬುಟ್ಟಿ ಕವಿಚಿದ್ರು ಒಂದ ಕೋಳಿ ಇಲ್ಲ" ಎಂದು ಈ ಕಡೆಯವರ ಚೇಷ್ಟೆ. ಆ ಕಡೆಯ ಬೀಗರ ಉತ್ತರ: "ನಿಮಗ ಬುಟ್ಟೀನೂ ಇಲ್ಲಲ್ರಿ."

ಈ ಉತ್ತರ ಸ್ವಲ್ಪ ನಾಟಿತೆಂದು ಕಾಣುತ್ತದೆ. ಕೆಲವರು ಸಂಜೆಯ ಪ್ರಸಾರ ನೋಡಲೆಂದೇ ಆಳಂದ, ಅಫಜಲಪುರದ ಕಡೆಗೆ ಬೀಗರ ಮನೆಗೆ ಹೋಗಿ ಬರತೊಡಗಿದರು. ಸೊಸೆಯಂದಿರನ್ನು ತವರಿಗೆ ಕಳಿಸುವಲ್ಲಿ ಆ ವರ್ಷ ಗಂಡಂದಿರು ತೋರಿದ ಉತ್ಸಾಹವನ್ನು ಕುರಿತು ಹಿರಿಯರೊಬ್ಬರು ಬಹಳ ರಸವತ್ತಾಗಿ ಹೇಳಿದರು. ಆ ಉಪಗ್ರಹ ಅಮೆರಿಕದ್ದು, ಎಟಿಎಸ್-6 ಎಂದು ಹೆಸರು, ಒಂದು ವರ್ಷಕ್ಕೆಂದು ಎರವಲು ಬಂದದ್ದು. 1976ರ ಜುಲೈ ಮುಗಿದೊಡನೆ ಅದನ್ನು ಹಿಂದಕ್ಕೆ ಸರಿಸಿಕೊಂಡರು, ಹಳ್ಳಿಗಳ ಪೆಟ್ಟಿಗೆಗಳು ಮೌನವಾದವು. ಆಗ ನಮ್ಮ ಶಾಲೆಯ ಗುರುಗಳ ಕೋಣೆಯಲ್ಲಿ ಹುಟ್ಟಿದ ಮಾತೆಂದು ಹೇಳಲಾಗುವುದು ಹೀಗಿದೆ: "ಅದಕ್ಕೂ ಬದಲಿ ಆತು. ಮಾಸ್ತರ ಆಗಿದ್ದರ ಅರ್ಜಿ ಕೊಟ್ಟು ಇನ್ನೊಂದ ವರ್ಷ ಇರಬಹುದಿತ್ತು." ಕಲಿಸಲು ಬಂದವರನ್ನು ಕಲಿಕೆ ಕುದುರುವ ಹೊತ್ತಿಗೆ ಎತ್ತಿಕೊಂಡು ಹೋಗುವುದನ್ನು ನಮ್ಮ ಗುರುಗಳಷ್ಟು ಬಲ್ಲವರು ಯಾರು? ಮುಂದೆ ಗುಲ್ಬರ್ಗಾದಲ್ಲಿ ನೆಲದ ಮೇಲಣ ಪ್ರಸಾರ ಕೇಂದ್ರ ಬಂದು, ಮನೆಮನೆಯ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವ ಯುಗ ಆರಂಭವಾಯಿತು. ಮೇಲೊಬ್ಬ, ಕೆಳಗೊಬ್ಬ, ನಡುವೆ "ಬಂತಾ?", "ಇನ್ನೊಂದೀಟು ಆಳಂದದ ಕಡಿ!" ಎಂಬ ಕೂಗು. ಈ ಭಾಗದ ಕನ್ನಡಿಗರು ಯಾವ ದಿಕ್ಕಿಗೆ ಮುಖ ಮಾಡಿದ್ದಾರೆಂಬುದನ್ನು ಆಗ ಮಾಳಿಗೆ ನೋಡಿಯೇ ಹೇಳಬಹುದಿತ್ತು.

ನಗೆಯ ಸುಗ್ಗಿ ನಡೆದದ್ದು 1979ರಲ್ಲಿ. ಸ್ಕೈಲ್ಯಾಬ್ ಎಂಬುದು ಅಮೆರಿಕವು 1973ರ ಮೇ 14ರಂದು ಹಾರಿಸಿದ, ಸುಮಾರು 77 ಟನ್ ತೂಕದ ಬಾಹ್ಯಾಕಾಶ ನಿಲ್ದಾಣ. ಮೂವರಂತೆ ಮೂರು ತಂಡಗಳು ಅಲ್ಲಿ ವಾಸವಿದ್ದು ಬಂದ ಮೇಲೆ 1974ರಿಂದ ಅದು ಖಾಲಿ ಮನೆಯಾಗಿ ಸುತ್ತುತ್ತಿತ್ತು. ಸೂರ್ಯನ ಚಟುವಟಿಕೆ ಹೆಚ್ಚಿ ವಾತಾವರಣದ ಮೇಲ್ಭಾಗ ಉಬ್ಬಿದ್ದರಿಂದ ಗಾಳಿಯ ತಡೆ ಹೆಚ್ಚಾಗಿ, ಎಣಿಸಿದ್ದಕ್ಕಿಂತ ಬೇಗ ಕೆಳಗಿಳಿಯತೊಡಗಿತು. ಎಲ್ಲಿ ಬೀಳುವುದೆಂದು ಖಚಿತವಾಗಿ ಹೇಳಲು ಅದನ್ನು ಕಟ್ಟಿದವರಿಗೂ ಸಾಧ್ಯವಿರಲಿಲ್ಲ. ಅದು ಸುತ್ತುವ ಹಾದಿಯ ಕೆಳಗೆ ಭಾರತವೂ ಇತ್ತು.

ಜೂನಿನಲ್ಲಿ ಶಾಲೆ ಆರಂಭವಾಗಿ ಹೊಸ ಪುಸ್ತಕಗಳಿಗೆ ಹೊದಿಕೆ ಹಾಕುವ ದಿನಗಳವು. ಆಗ ಕಲಿಯುತ್ತಿದ್ದವರು ಇಂದು ಮೊಮ್ಮಕ್ಕಳನ್ನು ಇದೇ ಶಾಲೆಗೆ ಕಳಿಸುತ್ತಿದ್ದಾರೆ; ಅವರೆಲ್ಲರ ನೆನಪಿನಲ್ಲಿಯೂ ಸ್ಕೈಲ್ಯಾಬ್ ಇದೆ. ಬೀಳುವುದೇ ಆದರೆ ಅಭ್ಯಾಸ ಏಕೆ ಮಾಡಬೇಕೆಂದು ಕೇಳಿದ ಹುಡುಗನಿಗೆ ಗಣಿತದ ಗುರುಗಳು, "ಬಿದ್ದರ ನಿನಗ ಮಾಫಿ, ಬೀಳದಿದ್ದರ ನಾಳಿ ಹದಿಮೂರರ ಮಗ್ಗಿ" ಎಂದರಂತೆ. ಕೂಡಿಟ್ಟ ಕೋಳಿಗಳನ್ನು ಕೊಯ್ದು ಉಂಡವರಿದ್ದರು. ಕಿರಾಣಿ ಅಂಗಡಿಯಲ್ಲಿ ಉದ್ರಿ ಬಾಕಿದಾರರೆಲ್ಲ ಹನ್ನೆರಡನೆಯ ತಾರೀಖಿನ ವಾಯಿದೆ ಕೇಳಿದರೆಂದೂ, ಅಂಗಡಿಯವರು ಕೈಮುಗಿದು, "ನಿಮ್ಮ ಮ್ಯಾಲ ಬಿದ್ದರ ಬಿಡ್ತೀನಿ, ನನ್ನ ಮ್ಯಾಲ ಬಿದ್ದರ ನನ ಮಗ ಬಿಡಂಗಿಲ್ಲ" ಎಂದರೆಂದೂ ಪ್ರತೀತಿ.

ಇವೆಲ್ಲಕ್ಕಿಂತ ನಮ್ಮ ಮನಸ್ಸಿನಲ್ಲಿ ಉಳಿದದ್ದು ಚಾವಡಿಯ ಕಟ್ಟೆಯ ಮೇಲೆ ಕೇಳಿಬಂದ ಒಂದು ಪ್ರಶ್ನೆ: "ಹೊಲದಾಗ ಬಿದ್ದರ ಪಂಚನಾಮಾ ಯಾರು ಮಾಡ್ತಾರ? ತಲಾಠಿನೋ, ಅಮೆರಿಕದವರೋ?" ಕೇಳಿದವರು ನಕ್ಕರು. ಆದರೆ ಇದು ನಗೆಯ ಪ್ರಶ್ನೆಯೇ ಅಲ್ಲ. 1972ರ ಅಂತರರಾಷ್ಟ್ರೀಯ ಒಪ್ಪಂದವೊಂದು ಹೇಳುವುದು ಇದನ್ನೇ: ಬಾಹ್ಯಾಕಾಶಕ್ಕೆ ಕಳಿಸಿದ ವಸ್ತು ಭೂಮಿಯ ಮೇಲೆ ಬಿದ್ದು ಹಾನಿಯಾದರೆ, ಕಳಿಸಿದ ದೇಶವೇ ಪರಿಹಾರ ಕೊಡಬೇಕು. ಆ ಒಪ್ಪಂದದ ಹೆಸರನ್ನೂ ಕೇಳದ ಒಕ್ಕಲಿಗನೊಬ್ಬ, ಆಣೇವಾರಿ ಪಂಚನಾಮೆಗಳ ಅನುಭವದಿಂದ, ನೇರವಾಗಿ ಅದರ ಮೂಲಕ್ಕೇ ಕೈಹಾಕಿದ್ದ.

ಜುಲೈ 11ರಂದು ಸ್ಕೈಲ್ಯಾಬ್ ಹಿಂದೂ ಮಹಾಸಾಗರದ ಮೇಲೆ ಒಡೆದು, ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಎಂಬ ಊರಿನ ಸುತ್ತ ಚದುರಿ ಬಿದ್ದವು. ಯಾರಿಗೂ ಅಪಾಯವಾಗಲಿಲ್ಲ. ಎಸ್ಪೆರೆನ್ಸಿನ ಸ್ಥಳೀಯ ಆಡಳಿತವು ಕಸ ಚೆಲ್ಲಿದ್ದಕ್ಕಾಗಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಗೆ 400 ಡಾಲರ್ ದಂಡ ಹಾಕಿತು! ಮೊದಲ ಚೂರು ತಂದವರಿಗೆ 10,000 ಡಾಲರ್ ಎಂದು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಸಾರಿತ್ತು; ಎಸ್ಪೆರೆನ್ಸಿನ ಹದಿನೇಳರ ಹುಡುಗನೊಬ್ಬ ವಿಮಾನವೇರಿ ಹೋಗಿ ಅದನ್ನು ಪಡೆದ. ಅಮೆರಿಕದಲ್ಲಿ ಗುರಿಯ ವೃತ್ತಗಳನ್ನು ಅಚ್ಚುಹಾಕಿದ ಅಂಗಿಗಳೂ ತಲೆಗೆ ಟೊಪ್ಪಿಗೆಗಳೂ ಮಾರಾಟವಾದವು. ಆದ್ದರಿಂದ ನಕ್ಕವರು ನಾವು ಮಾತ್ರವಲ್ಲ. ಅಲ್ಲಿಯ ನಗೆಗೆ ಬೆಲೆ ಕಟ್ಟಿದರು, ಇಲ್ಲಿಯದು ಪುಕ್ಕಟೆ ಇತ್ತು.

ತಾರು ಮತ್ತು ಟ್ರಂಕ್ ಕಾಲುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆ ಕಥೆಗಳು ಎಲ್ಲರ ಮನೆಯಲ್ಲಿಯೂ ಇವೆ. ತಾರು ಬಂದರೆ ಒಡೆಯುವ ಮೊದಲೇ ಅಳು, ಓದಲು ಶಾಲೆಯ ಗುರುಗಳ ಬಳಿಗೆ ಓಟ. ಗುರುಗಳು ಓದಿ ನಕ್ಕರೆ ಮಾತ್ರ ಊರು ಉಸಿರುಬಿಡುತ್ತಿತ್ತು. 2013ರ ಜುಲೈನಲ್ಲಿ ತಾರಿನ ಸೇವೆ ನಿಂತಾಗ ಅಳಲು ಯಾರೂ ಉಳಿದಿರಲಿಲ್ಲ. ಟ್ರಂಕ್ ಕಾಲಿನಲ್ಲಿ ಪುಣೆಯ ಮಗನೊಡನೆ ಕೂಗಿ ಮಾತನಾಡುವವರನ್ನು ಕಂಡು, "ಇಷ್ಟು ದನಿ ಇದ್ದರ ಫೋನು ಯಾಕ ಬೇಕ್ರಿ?" ಎನ್ನುತ್ತಿದ್ದರು.

2000ನೆಯ ಇಸವಿ ಬಂದಾಗ ಲೋಕದ ಕಂಪ್ಯೂಟರುಗಳೆಲ್ಲ ದಾರಿ ತಪ್ಪುವುವೆಂದು ಪತ್ರಿಕೆಗಳು ಬರೆದವು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಕಾರಣ 2000 ಅವುಗಳಿಗೆ 1900 ಆಗಿ ಕಾಣುವುದೆಂಬ ಭಯ. ನಮ್ಮಲ್ಲಿ ಆಗ ಕಂಪ್ಯೂಟರೇ ಇರಲಿಲ್ಲ, ಆದ್ದರಿಂದ ಧೈರ್ಯವಾಗಿ ನಕ್ಕೆವು. ಜನವರಿಯಲ್ಲಿ ಶಾಲೆ ಬಿಟ್ಟ ದಾಖಲೆ ಬರೆಯಲು ಕುಳಿತ ಕಾರಕೂನರು ನಗು ನಿಲ್ಲಿಸಿದರು. ಕಟ್ಟುಕಟ್ಟು ಅರ್ಜಿನಮೂನೆಗಳಲ್ಲಿ ಇಸವಿಯ ಜಾಗದಲ್ಲಿ 19 ಎಂದು ಅಚ್ಚಾಗಿಬಿಟ್ಟಿತ್ತು! ಜಗತ್ತಿನ ದೊಡ್ಡ ದೊಡ್ಡ ಯಂತ್ರಗಳ ರೋಗ ನಮ್ಮ ಕಾಗದಗಳಿಗೂ ಹತ್ತಿತ್ತು. ಹೊಸ ನಮೂನೆಗಳು ಬರುವವರೆಗೆ 19 ಹೊಡೆದು 20 ಬರೆದು ಪಕ್ಕದಲ್ಲಿ ಸಹಿ ಹಾಕಿದ್ದೇ ನಮ್ಮ ಶಾಲೆ ಕಂಡ ಪರಿಹಾರ. ಆ ದಾಖಲೆ ಪಡೆದವರು ಈ ಸಂಪುಟ ಓದುತ್ತಿದ್ದರೆ ತಮ್ಮದನ್ನೊಮ್ಮೆ ತೆಗೆದು ನೋಡಬಹುದು.

ಮೊಬೈಲು ಬಂದಾಗ ಗಡಿಗೆ ಹೊಸ ಅರ್ಥ ಬಂತು. ಅಕ್ಕಲಕೋಟೆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಶಿಫಾರಸು ಮಾಡಿದ್ದು, ಅದು ಹಾಗೆಯೇ ಉಳಿದದ್ದು ಓದುಗರಿಗೆ ತಿಳಿದಿದೆ. ಗಡಿಯಂಚಿನ ಹೊಲಗಳಲ್ಲಿ ಕೈಯಲ್ಲಿದ್ದ ಫೋನಿಗೆ ಆಚೆಯ ಟವರು ಸಿಕ್ಕೊಡನೆ ಕರ್ನಾಟಕಕ್ಕೆ ಸ್ವಾಗತ ಎಂಬ ಸಂದೇಶ ಬರತೊಡಗಿತು. "ಆಯೋಗದ ಕೈಲೆ ಆಗದ್ದು ಟವರ್ ಮಾಡ್ತು" ಎಂದು ಜನ ನಕ್ಕರು. ರೋಮಿಂಗ್ ಹಣ ಕತ್ತರಿಸಿದಾಗ ಇನ್ನೂ ಒಂದು ಮಾತು ಹುಟ್ಟಿತು: "ಕನ್ನಡಕ್ಕ ಸೇರಿದ್ದಕ್ಕ ದಂಡ." ಇದನ್ನು ನಾವು ರಾಜಕೀಯವಾಗಿ ಹೇಳುತ್ತಿಲ್ಲ. ನಮ್ಮ ಮಕ್ಕಳಿಗೆ ಅನ್ನ ಕೊಡುವ ರಾಜ್ಯದ ಮೇಲೆ ನಮಗೆ ಗೌರವವಿದೆ. ಆದರೆ ಆ ನಗೆಯಲ್ಲಿ ಎಷ್ಟು ವರ್ಷಗಳು ಅಡಗಿದ್ದವೆಂಬುದು ಈ ಭಾಗದವರಿಗೆ ವಿವರಿಸಬೇಕಿಲ್ಲ.

ಆಗಿನ ಫೋನುಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದ್ದರೂ ಅಗ್ಗದ ಫೋನಿನೊಳಗೆ ಅಕ್ಷರಗಳ ಆಕಾರ ತುಂಬಿಸುವುದಕ್ಕೆ ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಕನ್ನಡದ ಸಂದೇಶವೆಂದರೆ ಸಾಲುಸಾಲು ಖಾಲಿ ಚೌಕಗಳು. ಮಗ ಕಳಿಸಿದ ಯುಗಾದಿಯ ಹಾರೈಕೆಯನ್ನು ನಮ್ಮ ಬಳಿಗೆ ತಂದು ತೋರಿಸಿದ ತಂದೆಯೊಬ್ಬರು, "ಬಾಯಾರ, ಬರೇ ಕಿಟಕಿ ಕಳಿಸ್ಯಾನ್ರಿ, ಒಳಗ ಯಾರದಾರ ಕಾಣವಲ್ದು" ಎಂದರು. ಅವರ ಮಗ ಕನ್ನಡದಲ್ಲಿ ಬರೆದಿದ್ದಾನೆಂಬುದೇ ನಮಗೆ ಸಂತೋಷವಾಗಿತ್ತು. ಕೆಲ ದಿನಗಳ ಮೇಲೆ ಆತ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯತೊಡಗಿದ, ಈಗಲೂ ಹಾಗೆಯೇ ಬರೆಯುತ್ತಾನಂತೆ. ಚೌಕಗಳ ಕಾಲ ಮುಗಿದು ಎಷ್ಟೋ ವರ್ಷವಾದರೂ ಅಂದು ಬಿಟ್ಟುಹೋದ ರೂಢಿ ತಿರುಗಿ ಬಂದಿಲ್ಲ.

ಇತ್ತೀಚಿನ ಒಂದು ಮಾತು ನಮ್ಮ ಶಾಲೆಗೇ ಸಂಬಂಧಿಸಿದ್ದು. ರೇಶನ್ ಅಂಗಡಿಗಳಲ್ಲಿ ಬೆರಳೊತ್ತುವ ಯಂತ್ರ ಬಂದ ಮೇಲೆ, ಕಳೆ ಕಿತ್ತು, ಕಬ್ಬು ಕಡಿದು ಗೆರೆ ಸವೆದ ಕೈಗಳನ್ನು ಅದು ಗುರುತಿಸದೆ ಹಿಂದಕ್ಕೆ ಕಳಿಸುವುದುಂಟು. ಸಾಲಿನಲ್ಲಿ ನಿಂತ ಹೆಣ್ಣುಮಗಳೊಬ್ಬಳು, "ದುಡಿದವ್ರ ಕೈ ಅದಕ್ಕ ಬ್ಯಾಡಂತ" ಎಂದಳಂತೆ. ಆಕೆಯ ಹಿಂದಿದ್ದ, ನಮ್ಮ ಶಾಲೆಯಲ್ಲಿಯೇ ನಾಲ್ಕನೆಯ ಇಯತ್ತೆ ಓದಿದ ಹಿರಿಯರು ನಮ್ಮನ್ನು ಕಂಡಾಗ ಹೇಳಿದ್ದು: "ಹೆಬ್ಬಟ್ಟು ಬಿಡ್ರಿ, ಸಹಿ ಕಲೀರಿ ಅಂತ ನೂರು ವರ್ಷ ಬಡಕೊಂಡ್ರಿ. ಕಲತಿವಿ. ಈಗ ಸಹಿ ಬ್ಯಾಡ, ಹೆಬ್ಬಟ್ಟು ಕೊಡು ಅಂತಾರಲ್ರಿ." ನಾವೂ ನಕ್ಕೆವು. ಶಾಲೆಯ ಹಳೆಯ ರಜಿಸ್ಟರುಗಳಲ್ಲಿ ಪಾಲಕರ ಸಹಿಯ ಕಾಲಂ ತೆರೆದು ನೋಡಿದರೆ, ಮೊದಲ ವರ್ಷಗಳಲ್ಲಿ ಪುಟ ತುಂಬ ನೀಲಿ ಹೆಬ್ಬಟ್ಟುಗಳು. ಮುಂದಿನ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ವಕ್ರ ಸಹಿ. ಬರಬರುತ್ತ ತಾಯಂದಿರ ಸಹಿಗಳು. ಈ ಶಾಲೆ ಮಾಡಿದ ಕೆಲಸವೇನೆಂದು ಯಾರಾದರೂ ಕೇಳಿದರೆ ನಾವು ತೋರಿಸುವುದು ಆ ಕಾಲಮ್ಮನ್ನೇ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಮಕ್ಕಳ ನಿಬಂಧಗಳ ಭಾಷೆ ಒಮ್ಮೆಲೇ ಶುದ್ಧವಾಯಿತು. 'ನನ್ನ ಅಜ್ಜ' ಎಂಬ ವಿಷಯ ಕೊಟ್ಟರೆ ಅಜ್ಜ ಮುಂಜಾನೆ ಉದ್ಯಾನದಲ್ಲಿ ವಾಯುವಿಹಾರ ಮಾಡುತ್ತಾರೆ. ನಮ್ಮೂರಲ್ಲಿ ಉದ್ಯಾನವಿಲ್ಲ, ಅಜ್ಜನನ್ನು ಅಜ್ಜ ಎನ್ನುವವರೂ ಇಲ್ಲ. ಇಲ್ಲಿ ಎಲ್ಲರಿಗೂ ಮುತ್ಯಾ. ನಮ್ಮ ಸಹಶಿಕ್ಷಕಿಯೊಬ್ಬರು ಅಂಥ ನಿಬಂಧದ ಕೆಳಗೆ, "ನಿಮ್ಮ ಮುತ್ಯಾ ಈ ಅಜ್ಜನನ್ನು ಎಲ್ಲಿ ಭೇಟಿಯಾದರು?" ಎಂದು ಕೆಂಪು ಶಾಯಿಯಲ್ಲಿ ಬರೆದರು. ಮರುದಿನ ಹುಡುಗ ಬೇರೆ ನಿಬಂಧ ತಂದ. ಒತ್ತಕ್ಷರಗಳು ತಪ್ಪಿದ್ದವು, ಆದರೆ ಅದರೊಳಗೆ ಎತ್ತು ಮಾರಿದ ದಿನ ಊಟ ಬಿಟ್ಟ ಮುತ್ಯಾ ಇದ್ದರು. ಯಂತ್ರಕ್ಕೆ ನಮ್ಮ ಮಾತು ಬಾರದಿರುವುದಕ್ಕೆ ಯಂತ್ರವನ್ನಷ್ಟೇ ದೂರಿ ಫಲವಿಲ್ಲ. ಬರೆದಿಟ್ಟದ್ದನ್ನು ಮಾತ್ರ ಅದು ಓದೀತು. ಭೀಮೆಯ ಈ ದಂಡೆಯ ಕನ್ನಡವನ್ನು, ಮರಾಠಿ ಬೆರೆತ ಅದರ ಬನಿಯೊಂದಿಗೆ, ಬರೆದಿಟ್ಟವರು ಎಷ್ಟು ಜನ?

ಈ ಕಾರಣಕ್ಕೆ ಶಾಲೆಯ ಕಚೇರಿಯಲ್ಲಿ ನೂರು ಹಾಳೆಯ ಒಂದು ವಹಿ ಇರಿಸಿದ್ದೇವೆ. ಮೇಲೆ ಹೇಳಿದ ಮಾತುಗಳನ್ನೆಲ್ಲ ಎಂಟನೆಯ ಇಯತ್ತೆಯ ಮಕ್ಕಳು ಅದರಲ್ಲಿ ಆಡಿದವರ ಬಾಯಿಮಾತಿನಲ್ಲಿಯೇ ಬರೆದಿದ್ದಾರೆ. ಹನ್ನೊಂದು ಪುಟ ತುಂಬಿವೆ. ಸಮಾರಂಭಕ್ಕೆ ಬರುವ ಪಾಲಕರೂ ಹಳೆಯ ವಿದ್ಯಾರ್ಥಿಗಳೂ ತಮ್ಮ ಮನೆಯ ಮಾತುಗಳನ್ನು ಅದರಲ್ಲಿ ಸೇರಿಸಬೇಕೆಂದು ಕೋರುತ್ತೇವೆ. ಕಾಗುಣಿತ ತಪ್ಪಿದರೂ ಸಾಗುತ್ತದೆ, ನಾವು ತಿದ್ದುವುದಿಲ್ಲ. ಬರೆಯಲು ಬಾರದ ಹಿರಿಯರು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಕೊನೆಗೆ ಹೆಬ್ಬಟ್ಟು ಒತ್ತುವೆನೆಂದರೆ ಶಾಯಿಯ ಡಬ್ಬಿಯೂ ಪಕ್ಕದಲ್ಲಿದೆ.